ದುಂಬು ಪೋಲೆ

ಆಟಿ ಅಮಾವಾಸ್ಯೆ. ನಾಲ್ಕೂವರೆಗೇ ಎಚ್ಚರ.
ಯಾರೂ ಎಬ್ಬಿಸಲಿಲ್ಲ ಎನ್ನುವುದೇ ಎಬ್ಬಿಸಿತು.

ಹದಿನಾಲ್ಕು ವರ್ಷ ನಿನ್ನ ಕೆಲಸವಾಗಿತ್ತು ಇದು:
ಕತ್ತಲಲ್ಲಿ ಹೋಗಿ ಪಾಲೆಯ ತೊಗಟೆ ತರುವುದು,
ಕಬ್ಬಿಣ ತಾಗಿಸದೆ, ಕಲ್ಲಿನಿಂದ ಗುದ್ದಿ,
ಸೂರ್ಯ ಕಾಣುವ ಮೊದಲು.
ಹಿಂದಿನವರು ಬತ್ತಲೆ ಹೋಗುತ್ತಿದ್ದರಂತೆ ಮಾರಾಯ್ತಿ,
ನಾನು ಬರ್ಮುಡ ಹಾಕಿದ್ದೇನೆ, ಔಷಧಿ ಅಷ್ಟು ಕಡಿಮೆ ಹಿಡಿದೀತು
ಎಂದು ನೀನು ನಗುತ್ತಿದ್ದೆ.
ನಾನು ಮುಸುಕೆಳೆದು ಮಲಗುತ್ತಿದ್ದೆ.

ಈ ಸಲ ಟಾರ್ಚು ಹಿಡಿದವಳು ಮನ್ವಿ.
ಜಪ್ಪಿನ ಆ ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದೆ
ಒಡೆದ ಹಂಚಿನ ರಾಶಿ ದಾಟಿ,
ಕೆಸುವಿನೆಲೆ ಮೊಣಕಾಲಿಗೆ ನೀರು ಒರೆಸುತ್ತಾ.
ಎಷ್ಟೋ ಮರ. ಯಾವುದು ಪಾಲೆ?
ತಪ್ಪಿ ಕಾಸರಕದ ತೊಗಟೆ ತಂದು
ಮನೆಮಂದಿಯೆಲ್ಲ ಹೋದ ಕತೆಯನ್ನು
ನಿನ್ನೆಯಿಂದ ಮೂರು ಸಲ ಹೇಳಿದ್ದಾರೆ ಅತ್ತೆ.
ಮಗ ಹೋದ ಮೇಲೆ ಅವರಿಗೆ ಸಾವಿನ ಕತೆಯೆಂದರೆ
ಬೇರೆಯವರ ಮನೆಯದ್ದೇ ಆಗಬೇಕು.

ಅಮ್ಮ, ಇಲ್ಲಿ, ಎಂದಳು ಹುಡುಗಿ.
ಎದೆಯೆತ್ತರಕ್ಕೆ ಕಟ್ಟಿದ ಖಾಕಿ ಪಟ್ಟಿ,
ನಿನ್ನ ಹಳೆ ಅಂಗಿಯ ತೋಳು.
ಕಳೆದ ವರ್ಷ ಗುರುತಿಗೆಂದು ಕಟ್ಟಿದ್ದು.
ಬಿಚ್ಚಲು ಮರೆತದ್ದೋ, ಬಿಚ್ಚದೆ ಬಿಟ್ಟದ್ದೋ,
ಕೇಳೋಣವೆಂದರೆ ನೀನಿಲ್ಲ.

ಅದರ ಕೆಳಗೆ ನೀನು ಗುದ್ದಿದ ಜಾಗ, ಅಂಗೈಯಗಲ.
ಗಾಯ ಅಂದುಕೊಂಡು ಮುಟ್ಟಿದೆ.
ಸುತ್ತಲಿಂದ ತೊಗಟೆ ದಪ್ಪಗೆ ಒಳಕ್ಕೆ ಹೊರಳಿದೆ,
ಹಲ್ಲು ಬಿದ್ದ ಮಗುವಿನ ವಸಡಿನ ಹಾಗೆ.
ನಡುವೆ ಇನ್ನೂ ಒಂದು ಬೆರಳು ತೂರುವಷ್ಟು ತೆರವು.
ಅಷ್ಟೇ. ಮರ ಏನನ್ನೂ ಹೇಳಲಿಲ್ಲ.

ಇನ್ನೊಂದು ಬದಿಗೆ ಹೋಗಿ ಗುದ್ದಿದೆ.
ಮೊದಲ ಏಟು ನನ್ನ ಬೆರಳಿಗೇ.
ಎರಡನೆಯದಕ್ಕೆ ಹಾಲು ಬಂತು.
ಆಮೇಲೆ ಎಷ್ಟು ಗುದ್ದಿದೆನೋ,
ಸಾಕಮ್ಮ, ಎಂದು ಮನ್ವಿ ಕೈ ಹಿಡಿಯುವವರೆಗೆ.
ಬೊಜ್ಜದ ದಿನವೂ ಬಾರದ ಅಳು
ಹಂಚಿನ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತಾಗ ಬಂತು.
ಹುಡುಗಿ ಟಾರ್ಚು ಆರಿಸಿದಳು.
ಹನ್ನೆರಡು ವರ್ಷದವಳಿಗೆ ಅದನ್ನು ಯಾರು ಕಲಿಸಿದರು?

ಅರೆದು, ಹಿಂಡಿ, ಬೆಳ್ಳುಳ್ಳಿ, ಓಮ, ಕರಿಮೆಣಸು.
ಬೆಣಚುಕಲ್ಲು ಕೆಂಪಗೆ ಕಾಯಿಸಿ ಹಾಕಿದರೆ
ಚುಂಯ್ ಎಂದು ಇಡೀ ಅಡುಗೆಮನೆ ಕಹಿಯಾಯಿತು.
ಲೋಟ ಇಟ್ಟದ್ದು ನಾಲ್ಕು.
ಅತ್ತೆ ನೋಡಿದರು, ನಾನು ನೋಡಿದೆ, ಯಾರೂ ತೆಗೆಯಲಿಲ್ಲ.
ಪಕ್ಕದ ಮನೆಯ ಬೆನ್ನಿಬಾಯಿ ಬಂದು
ನನಗೂ ಸ್ವಲ್ಪ ಕೊಡಿ, ಮಂಡಿ ನೋವಿಗೆ ಆದೀತು, ಎಂದು
ಆ ಲೋಟವನ್ನೇ ಎತ್ತಿ, ಮೂಗು ಹಿಡಿದು ಕುಡಿದು
ಜೆಜು! ಎಂದರು.
ಅತ್ತೆ ನಕ್ಕರು.
ಪಗ್ಗು ತಿಂಗಳ ಆಮೇಲೆ ಇದೇ ಮೊದಲು.
ಮೆಂತೆ ಗಂಜಿಗೆ ಇನ್ನೊಂದಚ್ಚು ಬೆಲ್ಲ ಹಾಕಿದೆ.

ಎಂಟೂ ಕಾಲಿಗೆ ಸ್ಟಾಪಿನಲ್ಲಿ ನಿಂತೆ.
ಮೂರು ತಿಂಗಳು ಹಂಪನಕಟ್ಟೆಯ ಹೊಲಿಗೆ ಅಂಗಡಿಗೆ
ನಡೆದೇ ಹೋಗಿದ್ದೇನೆ,
ನಿನ್ನ ಬಸ್ಸು ಬಂದರೆ ಗೋಡೆಗೆ ಮುಖ ತಿರುಗಿಸಿ.
ಹೊಸ ಕಂಡಕ್ಟರು, ಮೀಸೆ ಈಗಷ್ಟೇ ಮೂಡಿದ ಹುಡುಗ,
ಬಾಗಿಲಲ್ಲಿ ಜೋತು ನಿನ್ನ ಮಾತನ್ನೇ ಕಿರುಚುತ್ತಿದ್ದ:
ದುಂಬು ಪೋಲೆ, ದುಂಬು ಪೋಲೆ!

ಹಾಸನದ ಕಡೆಯವಳು ನಾನು,
ಮದುವೆಯಾದ ಹೊಸತರಲ್ಲಿ ಕೇಳಿದ್ದೆ:
ದುಂಬು ಅಂದರೆ ಮುಂದೆ ತಾನೆ,
ಅತ್ತೆ ಹಳೇ ಕಾಲದ್ದು ಶುರುಮಾಡುವಾಗಲೂ
ದುಂಬು ದುಂಬು ಅನ್ನುತ್ತಾರಲ್ಲ?
ಬ್ಯಾಗಿನ ನಾಣ್ಯ ಎಣಿಸುತ್ತಾ ಅಂದಿದ್ದೆ ನೀನು,
ಕಳೆದುಹೋದದ್ದೂ ದುಂಬು, ಹೋಗಬೇಕಾದದ್ದೂ ದುಂಬು.
ನಮ್ಮ ಭಾಷೆಯಲ್ಲಿ ಚಿಲ್ಲರೆ ಕಡಿಮೆ.

ಹತ್ತಿದೆ. ಕಂಬಿ ತಣ್ಣಗಿತ್ತು.
ಬೆಲ್ಲದ ಅಡಿಯಲ್ಲಿ ಕಹಿ ಇನ್ನೂ ನಾಲಿಗೆಯ ಬುಡದಲ್ಲಿತ್ತು.
ಹುಡುಗ ಗುರುತು ಹಿಡಿದನೋ ಏನೋ,
ನನ್ನ ಎದುರು ಬಂದು ಟಿಕೆಟು ಹರಿಯದೆ ನಿಂತ.
ಕೊಡು ಮಗ, ಎಂದೆ.
ಕೊಟ್ಟ. ಎರಡು ರೂಪಾಯಿ ಬಾಕಿ, ಇಳಿಯುವಾಗ ಕೊಡುತ್ತೇನೆ, ಎಂದ,
ಥೇಟು ನಿನ್ನ ಹಾಗೆ, ಕೊಡುವುದಿಲ್ಲವೆಂದು ಗೊತ್ತಾಗುವ ಹಾಗೆ.

ಎಡೆಯಿದ್ದಷ್ಟು ಸರಿದೆ.